ಹೆಬ್ಬೆರಳು ಕೇಳದ ಮೇಷ್ಟ್ರು

(ಸೋಗಾನೆಯಲ್ಲಿ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಹಾಸ್ಟೆಲ್ಲಿನ ಸಭೆ ಅಂದರೆ ಭೂಮಿ, ಸ್ಕಾಲರ್‌ಶಿಪ್ಪು, ಮೀಸಲಾತಿ, ದೌರ್ಜನ್ಯ ಇವುಗಳ ಮಾತೇ ಆಗುತ್ತದೆ. ಆಗಬೇಕು ಕೂಡ. ಇವತ್ತು ಮಾತ್ರ ನಾವು ಆಟದ ಬಯಲಿನ ಮಾತು ತಂದಿದ್ದೇವೆ. ಅದರಲ್ಲೂ ಆಡುವವನನ್ನು ಬಿಟ್ಟು ಆಡಿಸುವವನ ಮಾತು. ಕೊರಳಿಗೆ ವಿಷಲ್ ಹಾಕಿಕೊಂಡು, ತಲೆಗೊಂದು ಟೋಪಿ ಇಟ್ಟುಕೊಂಡು, ಬೆಳಿಗ್ಗೆ ಆರಕ್ಕೆ ಬಯಲಿನ ಅಂಚಿಗೆ ಬಂದು ನಿಲ್ಲುವ ಕಾಲೇಜಿನ ಆಟದ ಮೇಷ್ಟ್ರ ಮಾತು. ಸರ್ಕಾರದ ಕಾಗದದಲ್ಲಿ ಅವರು ದೈಹಿಕ ಶಿಕ್ಷಣ ನಿರ್ದೇಶಕರು. ನಮ್ಮ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಇದು ದಲಿತ ಚಳವಳಿಗೆ ಸೇರಿದ ವಿಷಯವೇನ್ರೀ ಅಂತ ಯಾರಾದರೂ ಕೇಳಬಹುದು. ಸೇರಿದ್ದು ಅನ್ನುವುದೇ ನಮ್ಮ ವಾದ. ಮುಂದೆ ಕೇಳಿ.

ಸೋಗಾನೆಯಲ್ಲಿ ನಿಂತಿದ್ದೇವೆ, ಸೋಗಾನೆಯಿಂದಲೇ ಶುರುಮಾಡೋಣ. 2023ರ ಫೆಬ್ರವರಿ 27ರಂದು ಈ ಊರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದರ ರನ್‌ವೇ 3,200 ಮೀಟರು. ಓಡುವ ಹುಡುಗರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಟ್ರ್ಯಾಕಿನ ಒಂದು ಸುತ್ತು 400 ಮೀಟರು. ಅಂಥ ಎಂಟು ಸುತ್ತನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಈ ರನ್‌ವೇ. ವಿಮಾನಕ್ಕೆ ಎಂಟು ಸುತ್ತಿನ ನೆಲ ಸಿಕ್ಕಿತು, ಸಿಗಲಿ. ಸುತ್ತಲಿನ ಹಳ್ಳಿಗಳ ಕೇರಿಯ ಹುಡುಗನಿಗೆ ಒಂದು ಸುತ್ತಿನ ನೆಲ ಎಲ್ಲಿದೆ? ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದವನು 1600 ಮೀಟರು ಓಡಬೇಕು, ನಾಲ್ಕು ಸುತ್ತು. ಅವನು ಅಭ್ಯಾಸ ಮಾಡುವುದು ಡಾಂಬರು ರಸ್ತೆಯ ಅಂಚಿನಲ್ಲಿ, ಕತ್ತಲಿರುವಾಗಲೇ, ಲಾರಿಗೆ ದಾರಿ ಬಿಟ್ಟುಕೊಂಡು. ಎಷ್ಟು ನಿಮಿಷವಾಯಿತು ಅಂತ ಹೇಳುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಕಾಲು ತಪ್ಪು ಇಡುತ್ತಿದ್ದೀಯ, ಉಸಿರು ತಪ್ಪು ಬಿಡುತ್ತಿದ್ದೀಯ ಅಂತ ತಿದ್ದುವುದಕ್ಕೂ ಯಾರೂ ಇಲ್ಲ. ನೆಲವೂ ಇಲ್ಲ, ಮೇಷ್ಟ್ರೂ ಇಲ್ಲ. ನೆಲದ ಪ್ರಶ್ನೆಯನ್ನು ಚಳವಳಿ ಐವತ್ತು ವರ್ಷದಿಂದ ಕೇಳುತ್ತಾ ಬಂದಿದೆ. ಮೇಷ್ಟ್ರ ಪ್ರಶ್ನೆಯನ್ನು ಇವತ್ತು ಕೇಳೋಣ.

ಆಟದ ಮೇಷ್ಟ್ರ ಕೆಲಸವೇನು? ಕಾಲೇಜಿನಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಆಗಸ್ಟ್ 15ಕ್ಕೆ ಬಾವುಟದ ಹಗ್ಗ ಕಟ್ಟುವುದು, ಮಂತ್ರಿ ಬಂದಾಗ ಹುಡುಗರನ್ನು ಸಾಲಾಗಿ ನಿಲ್ಲಿಸುವುದು, ಗಲಾಟೆಯಾದರೆ ಬೆದರಿಸುವುದು ಇಷ್ಟೇ ಅಂದುಕೊಂಡಿದ್ದಾರೆ. ಸ್ಟಾಫ್ ರೂಮಿನಲ್ಲೂ ಅವರ ಕುರ್ಚಿ ಮೂಲೆಯಲ್ಲಿರುತ್ತದೆ. ಪುಸ್ತಕ ಹಿಡಿದವನು ಮೇಲು, ಮೈ ಬೆವರಿಸುವವನು ಕೀಳು ಅನ್ನುವ ಈ ದೇಶದ ಹಳೇ ಲೆಕ್ಕ ಅಲ್ಲೂ ನಡೆಯುತ್ತದೆ. ಆದರೆ ಗೆಳೆಯರೇ, ಆ ಮೂಲೆಯ ಕುರ್ಚಿಯ ಕೈಯಲ್ಲಿ ಇರುವ ಅಧಿಕಾರ ನೋಡಿ. ಯಾರು ತಂಡಕ್ಕೆ, ಯಾರು ಬೆಂಚಿಗೆ ಅಂತ ತೀರ್ಮಾನಿಸುವವರು ಅವರು. ವಿಶ್ವವಿದ್ಯಾಲಯದ ಕೂಟಕ್ಕೆ ಹೆಸರು ಕಳಿಸುವವರು ಅವರು. ಪ್ರಯಾಣದ ಖರ್ಚು, ಊಟದ ಭತ್ಯೆ, ಬೂಟು, ಸಮವಸ್ತ್ರ ಅವರ ಸಹಿಯಿಂದ ಬರಬೇಕು. ಕಾಲೇಜಿನಿಂದ ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋದವನ ಕೈಗೆ ಒಂದು ಸರ್ಟಿಫಿಕೇಟು ಬರುತ್ತದೆ. ಪೊಲೀಸು, ರೈಲ್ವೆ, ಸೈನ್ಯ ಮುಂತಾದ ಕಡೆ ಆಟಗಾರರಿಗೆ ಇರುವ ಕೋಟಾದ ಬಾಗಿಲು ತೆಗೆಯುವುದು ಅಂಥ ಸರ್ಟಿಫಿಕೇಟುಗಳೇ. ಅಂದರೆ ಒಂದು ಕೂಲಿ ಮನೆಯ ಮಗ ಸಂಬಳದ ಮನೆ ಕಟ್ಟುವ ದಾರಿ ಆ ವಿಷಲ್ಲಿನ ಮನುಷ್ಯನ ಮುಂದೆ ಹಾದುಹೋಗುತ್ತದೆ. ಅವರು ಕಣ್ಣು ಬಿಟ್ಟು ನೋಡಿದರೆ ಒಂದು ಮನೆ ಎದ್ದು ನಿಲ್ಲುತ್ತದೆ. ಮುಖ ತಿರುಗಿಸಿದರೆ ಅವನು ಮತ್ತೆ ಅಡಿಕೆ ತೋಟದ ಕೂಲಿಗೆ.

ಇಷ್ಟು ದೊಡ್ಡ ಅಧಿಕಾರಕ್ಕೆ ನಮ್ಮ ಸರ್ಕಾರ ಯಾರ ಹೆಸರು ಇಟ್ಟಿದೆ ಗೊತ್ತಲ್ಲ? ದ್ರೋಣಾಚಾರ್ಯ. 1961ರಲ್ಲಿ ಆಟಗಾರರಿಗೆ ಅರ್ಜುನ ಪ್ರಶಸ್ತಿ ಶುರುವಾಯಿತು. 1985ರಲ್ಲಿ ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ನಮ್ಮ ಕರ್ನಾಟಕ ಸರ್ಕಾರ ಒಳ್ಳೆಯ ಆಟಗಾರರಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ಅರ್ಜುನ, ದ್ರೋಣ, ಏಕಲವ್ಯ ಮೂವರೂ ಸರ್ಕಾರದ ಪಟ್ಟಿಯಲ್ಲಿ ಸುಖವಾಗಿದ್ದಾರೆ. ಕತ್ತರಿಸಿ ಬಿದ್ದ ಹೆಬ್ಬೆರಳೊಂದು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ತರಬೇತುದಾರನಿಗೆ ಗೌರವ ಕೊಡುವುದಕ್ಕೆ ಈ ದೇಶಕ್ಕೆ ನೆನಪಾದದ್ದು, ಬೇಡರ ಹುಡುಗನಿಗೆ ಒಂದು ದಿನವೂ ಪಾಠ ಹೇಳದೆ ಫೀಸು ವಸೂಲಿ ಮಾಡಿದ ಗುರು!

ಇಲ್ಲಿನ ವಿಮಾನ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ. ಆ ಕುವೆಂಪು ಅವರೇ ಏಕಲವ್ಯನ ಕಥೆಯನ್ನು 'ಬೆರಳ್‌ಗೆ ಕೊರಳ್' ಅನ್ನುವ ನಾಟಕವಾಗಿ ಬರೆದಿದ್ದಾರೆ. ಬೆರಳು ಕಿತ್ತುಕೊಂಡದ್ದಕ್ಕೆ ಕೊರಳಿನ ಲೆಕ್ಕ ತೀರಬೇಕು ಅನ್ನುವ ನ್ಯಾಯ ಹೆಸರಿನಲ್ಲೇ ಇದೆ. ನಮ್ಮದೇ ಜಿಲ್ಲೆಯ ಕವಿ ಹೀಗೆ ಕೇಳಿದ್ದನ್ನು ಹಾಸ್ಟೆಲ್ಲಿನ ಪ್ರತಿ ಹುಡುಗನೂ ಓದಬೇಕು. ನಮಗೆ ಕೊರಳು ಬೇಡ. ಬೆರಳು ಉಳಿಯಬೇಕು, ಅಷ್ಟೇ.

ಏಕಲವ್ಯನ ಬಗ್ಗೆ ಇನ್ನೊಂದು ಮಾತು. ಗುರುವಿಲ್ಲದೆ, ಮಣ್ಣಿನ ಬೊಂಬೆ ಇಟ್ಟುಕೊಂಡು, ತಾನೇ ಕಲಿತ ಅಂತ ಅವನನ್ನು ಹೊಗಳುತ್ತಾರೆ. ಕಾಲೇಜಿನ ಭಾಷಣಗಳಲ್ಲಿ ನಿಮಗೂ ಅದನ್ನೇ ಹೇಳುತ್ತಾರೆ: ಛಲ ಇದ್ದರೆ ಸಾಕಪ್ಪ, ಏಕಲವ್ಯ ಕಲಿಯಲಿಲ್ಲವೇ? ಈ ಹೊಗಳಿಕೆಯನ್ನು ಅನುಮಾನದಿಂದ ನೋಡಿ. ಅರಮನೆಯ ಮಕ್ಕಳಿಗೆ ಆಚಾರ್ಯರು, ನಮಗೆ ಛಲ. ಅವರಿಗೆ ಕೋಚು, ಡಯಟ್ಟು, ಸ್ಪೈಕ್ ಬೂಟು. ನಮಗೆ ಮಣ್ಣಿನ ಬೊಂಬೆ. ನಮ್ಮವರ ಛಲಕ್ಕೆ ಯಾವ ಕಾಲದಲ್ಲೂ ಬರ ಬಂದಿಲ್ಲ. ಬರ ಇರುವುದು ಕಲಿಸುವವರಿಗೆ.

ಈಗಿನ ಕಾಲದಲ್ಲಿ ಹೆಬ್ಬೆರಳನ್ನು ಹಾಗೆ ಬಾಯಿಬಿಟ್ಟು ಕೇಳುವುದಿಲ್ಲ. ಟ್ರಯಲ್ಸ್ ಯಾವತ್ತು ಅನ್ನುವುದು ನೋಟೀಸ್ ಬೋರ್ಡಿಗೆ ಬರುವುದಿಲ್ಲ, ಕಿವಿಯಿಂದ ಕಿವಿಗೆ ಹೋಗುತ್ತದೆ, ಆ ಕಿವಿಗಳ ಸಾಲು ಹಾಸ್ಟೆಲ್ಲಿನವರೆಗೆ ಬರುವುದಿಲ್ಲ. ಬಿಳಿ ಬೂಟು ಇಲ್ಲದವನು ಪಕ್ಕಕ್ಕೆ ನಿಲ್ಲು ಅಂತಾರೆ. ಅಭ್ಯಾಸ ಮುಗಿಯುವ ಹೊತ್ತಿಗೆ ಹಾಸ್ಟೆಲ್ಲಿನ ಊಟ ಮುಗಿದಿರುತ್ತದೆ. ಟ್ರಯಲ್ಸಿಗೆ ಮೊದಲೇ ತಂಡದ ಪಟ್ಟಿ ಸಿದ್ಧವಾಗಿದ್ದದ್ದನ್ನು ನಾವು ಕಂಡಿದ್ದೇವೆ. ಯಾವ ಕಾಲೇಜು ಅನ್ನುವುದು ಬೇಡ. ಇಲ್ಲಿ ಕೂತಿರುವ ಯಾರೂ 'ಹಾಗೆಲ್ಲಾದರೂ ಉಂಟೇ' ಅಂತ ಆಶ್ಚರ್ಯಪಡುವುದಿಲ್ಲ ಅನ್ನುವುದು ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ.

ಈಗ ಕಥೆ ಬಿಟ್ಟು ಚರಿತ್ರೆಗೆ ಬರೋಣ. ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬ ಮನುಷ್ಯನ ಬದುಕು ನೋಡೋಣ. ಹೆಸರು ಪಲವಣಕರ ಬಾಲೂ. 1870ರ ದಶಕದ ನಡುವೆ ಧಾರವಾಡದಲ್ಲಿ ಹುಟ್ಟಿದವರು. ಚರ್ಮ ಹದ ಮಾಡುವ ಜಾತಿಯ ಮನೆ. ತಂದೆಗೆ ಸೈನ್ಯದಲ್ಲಿ ಚಾಕರಿ. ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು, ಚೆಂಡುಗಳಿಂದ ಅಣ್ಣತಮ್ಮಂದಿರು ಕ್ರಿಕೆಟ್ ಕಲಿತರು. ಬಾಲೂಗೆ ಮೊದಲು ಸಿಕ್ಕ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದಾಗ ನಾಲ್ಕು ರೂಪಾಯಿ. ಅಲ್ಲಿ ನೆಟ್ ಕಟ್ಟುವುದು, ಗೆರೆ ಎಳೆಯುವುದು, ಬಿಡುವಾದಾಗ ಸಾಹೇಬರಿಗೆ ಚೆಂಡು ಹಾಕುವುದು. ಗ್ರೆಗ್ ಅನ್ನುವ ಇಂಗ್ಲಿಷ್ ಬ್ಯಾಟ್ಸ್‌ಮನ್ ದಿನವೂ ಬಾಲೂ ಎಸೆತಕ್ಕೆ ಅಭ್ಯಾಸ ಮಾಡುತ್ತಿದ್ದ. ತನ್ನನ್ನು ಔಟ್ ಮಾಡಿದ ಒಂದೊಂದು ಸಲಕ್ಕೂ ಎಂಟಾಣೆ ಕೊಡುತ್ತಿದ್ದ ಅಂತ ಹೇಳುತ್ತಾರೆ.

ಗೆಳೆಯರೇ, ಈ ಕೆಲಸಕ್ಕೆ ಏನಂತೀರಿ? ಒಬ್ಬ ಬ್ಯಾಟ್ಸ್‌ಮನ್ನಿನ ದೋಷ ಹುಡುಕಿ, ಆ ದೋಷದ ಮೇಲೇ ಮತ್ತೆ ಮತ್ತೆ ಚೆಂಡು ಹಾಕಿ, ಅವನು ತಿದ್ದಿಕೊಳ್ಳುವ ಹಾಗೆ ಮಾಡುವವನಿಗೆ ಇವತ್ತು ಬೌಲಿಂಗ್ ಕೋಚ್ ಅಂತಾರೆ, ಲಕ್ಷ ಲಕ್ಷ ಸಂಬಳ ಕೊಡುತ್ತಾರೆ. ಬಾಲೂ ಮಾಡಿದ್ದು ಅದೇ ಕೆಲಸ. ಅವರಿಗೆ ಇದ್ದ ಹೆಸರು ಮಾಲಿ. ಅಷ್ಟು ವರ್ಷ ಆ ಕ್ಲಬ್ಬಿನ ನೆಟ್ಟಿನಲ್ಲಿ ಸಾವಿರಾರು ಚೆಂಡು ಹಾಕಿದ ಬಾಲೂ ಕೈಗೆ ಅಲ್ಲಿ ಒಂದು ಸಲವೂ ಬ್ಯಾಟು ಕೊಡಲಿಲ್ಲ. ಬ್ಯಾಟು ಒಡೆಯನದು, ಚೆಂಡು ಆಳಿನದು. ಗದ್ದೆಯ ಲೆಕ್ಕವೇ ಆಟಕ್ಕೂ ಬಂತು.

ಹಿಂದೂ ತಂಡಕ್ಕೆ ಬಾಲೂ ಬೇಕಾದರು, ಯಾಕೆಂದರೆ ಗೆಲ್ಲಬೇಕಿತ್ತು. ಬಯಲಿನಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವರು ಪೆವಿಲಿಯನ್ನಿನ ಹೊರಗೆ. ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಲೂ ಇಡೀ ಪ್ರವಾಸದಲ್ಲಿ ನೂರಕ್ಕಿಂತ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಚೆಂಡು ಹಾಕುವ ಕೈ ಬೇಕು, ತೀರ್ಮಾನ ಮಾಡುವ ತಲೆ ಬೇಡ. 1920ರಲ್ಲಿ ಇದೇ ವಿಷಯಕ್ಕೆ ತಮ್ಮಂದಿರಾದ ವಿಠಲ್ ಮತ್ತು ಶಿವರಾಮ್ ಪ್ರತಿಭಟಿಸಿ ತಂಡದಿಂದ ಹೊರಬಂದರು. ಈ ಪ್ರತಿಭಟನೆಯನ್ನು ನೆನಪಿಡಿ. 1923ರಲ್ಲಿ ವಿಠಲ್ ಅದೇ ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ಮುಚ್ಚಿದ ಬಾಗಿಲು ತಮ್ಮನಿಗೆ ತೆರೆಯಿತು. ಆಟ ಚೆನ್ನಾಗಿ ಆಡಿದ್ದಕ್ಕೆ ಮಾತ್ರ ತೆರೆಯಲಿಲ್ಲ, ಆಡುವುದಿಲ್ಲ ಅಂತ ಹೇಳಿ ಹೊರಬಂದದ್ದಕ್ಕೂ ತೆರೆಯಿತು.

ಬಾಲೂ ಬಗ್ಗೆ ಹೇಳುವಾಗ ಇನ್ನೊಂದನ್ನೂ ಮುಚ್ಚಿಡಬಾರದು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಬೊಂಬಾಯಿಯಲ್ಲಿ ಬಾಬಾಸಾಹೇಬರ ಎದುರು ನಿಲ್ಲಿಸಿತು. ಬಾಲೂ ಸೋತರು. ನಮ್ಮವನನ್ನು ನಮ್ಮವನ ಎದುರು ನಿಲ್ಲಿಸುವ ಆ ಆಟ ಇವತ್ತಿಗೂ ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ನಡೆಯುತ್ತಿದೆ. ಹಾಗಂತ ಬಾಲೂ ಬದುಕನ್ನು ನಾವು ಬಿಸಾಡುವುದಿಲ್ಲ. ಅವರ ಎಡಗೈಯ ಚೆಂಡು ನಮ್ಮದು.

ಆ ಚೆಂಡಿನ ಬಗ್ಗೆಯೂ ಒಂದು ಮಾತು. ಬಾಲೂ ವೇಗದ ಬೌಲರ್ ಆಗಿರಲಿಲ್ಲ. ಎಡಗೈ ನಿಧಾನದ ಬೌಲರ್. ಚೆಂಡನ್ನು ಎಲ್ಲಿ ಬೀಳಿಸಬೇಕು, ಎಷ್ಟು ತಿರುಗಿಸಬೇಕು, ಯಾವಾಗ ಬಿಗಿಹಿಡಿದು ಯಾವಾಗ ಸಡಿಲ ಬಿಡಬೇಕು ಅನ್ನುವುದು ಅವರ ವಿದ್ಯೆ. ಅದು ಮೆದುಳಿನ ಕೆಲಸ. ಇದನ್ನು ಯಾಕೆ ಒತ್ತಿ ಹೇಳುತ್ತೇವೆ ಅಂದರೆ, ಕಾಲೇಜಿನ ಬಯಲಿನಲ್ಲಿ ನಮ್ಮ ಹುಡುಗರಿಗೆ ಒಂದು ಹೊಗಳಿಕೆ ಬರುತ್ತದೆ: "ನಿಮ್ಮ ಜನಕ್ಕೇನಪ್ಪ, ಹುಟ್ಟಿನಿಂದಲೇ ಕಸುವು, ನಿಮಗೆ ಕಲಿಸೋದು ಏನಿದೆ?" ಕೇಳುವುದಕ್ಕೆ ಚೆನ್ನಾಗಿದೆ. ಒಳಗೆ ಕತ್ತಿ ಇದೆ. ನಿನ್ನ ಮೈ ನಿನ್ನದು, ಆದರೆ ತಲೆ ನಿನ್ನದಲ್ಲ ಅಂತ ಅದರ ಅರ್ಥ. ನಿನಗೆ ಕೋಚ್ ಬೇಕಾಗಿಲ್ಲ, ಹಾಲು ಮೊಟ್ಟೆ ಬೇಕಾಗಿಲ್ಲ, ವಿಶ್ರಾಂತಿ ಬೇಕಾಗಿಲ್ಲ, ಎತ್ತಿಗೆ ಬೇಕೇ ಅಂತ ಅರ್ಥ. ಮೂಟೆ ಹೊರುವ ಹೆಗಲನ್ನು ಕಂಡು ಇವನಿಗೆ ಗುಂಡು ಎಸೆಯುವುದು ಸುಲಭ ಅಂತಾರೆ. ಮೂಟೆ ಹೊತ್ತ ಹೆಗಲು ನೋಯುತ್ತದೆ ಸ್ವಾಮಿ! ಮೂಟೆ ಹೊತ್ತ ಬೆನ್ನು ಬಾಗುತ್ತದೆ. ದುಡಿಮೆ ಮೈಯನ್ನು ಸವೆಸುತ್ತದೆ, ತರಬೇತಿ ಮೈಯನ್ನು ಕಟ್ಟುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ಕೋಚ್. ಇಷ್ಟು ಭಾರ, ಇಷ್ಟು ಸಲ, ಇಷ್ಟು ಹೊತ್ತು ಬಿಡುವು, ಇಷ್ಟು ಊಟ, ಇಷ್ಟು ನಿದ್ದೆ ಅಂತ ಲೆಕ್ಕ ಇಡುವವನು. ಗೌಡರ ಗದ್ದೆಯಲ್ಲಿ ಬಿಡುವಿನ ಲೆಕ್ಕ ಇಟ್ಟವರು ಯಾರಿದ್ದಾರೆ?

ಗೆದ್ದಮೇಲಾದರೂ ಜಾತಿ ಬಿಡುತ್ತದೆಯೇ? ಅಕ್ಕತಂಗಿಯರೇ, ಇದನ್ನು ನೀವು ಗಮನವಿಟ್ಟು ಕೇಳಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಹಾಕಿಯಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ. ಕೆಲವೇ ದಿನಗಳಲ್ಲಿ ಸೆಮಿಫೈನಲ್ಲಿನಲ್ಲಿ ಅರ್ಜೆಂಟೀನಾ ಎದುರು ತಂಡ ಸೋತಾಗ, ಹರಿದ್ವಾರದ ಹತ್ತಿರದ ಊರಿನಲ್ಲಿ ಅವರ ಮನೆ ಮುಂದೆ ಮೇಲ್ಜಾತಿಯವರು ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ತಂಡದಲ್ಲಿ ದಲಿತರು ಸೇರಿಕೊಂಡದ್ದರಿಂದ ಸೋತಿತು ಅಂತ ಅವರ ವಾದ. ಸೋಲಿನಲ್ಲಿ ನಮ್ಮ ಪಾಲು ಇಷ್ಟು ನಿಖರವಾಗಿ ಗುರುತಿಸುವವರು ಗೆಲುವಿನಲ್ಲಿ ದೇಶದ ಬಾವುಟ ತಾವೇ ಹಿಡಿದುಕೊಳ್ಳುತ್ತಾರೆ.

ಹಾಗಾದರೆ ಹೆಬ್ಬೆರಳು ಕೇಳದ ಮೇಷ್ಟ್ರು ಯಾರೂ ಇಲ್ಲವೇ? ಇದ್ದಾರೆ. ಅಂಥವರ ಬದುಕನ್ನು ತಿಳಿದಿರಬೇಕು. ಇಲ್ಲದಿದ್ದರೆ ಕೇಳುವುದು ಏನನ್ನು ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ.

ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. 1909ರಲ್ಲಿ ಹುಟ್ಟಿದವರು. ಶಾಲೆಯಲ್ಲಿ ಮೇಷ್ಟ್ರು. ಹೈದರಾಬಾದಿನ ಪೊಲೀಸ್ ತಂಡ ಕಟ್ಟಿದರು, ಭಾರತದ ಫುಟ್‌ಬಾಲ್ ತಂಡ ಕಟ್ಟಿದರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯಾ ಎದುರು 10–1ರಿಂದ ಸೋತರು. ಬರಿಗಾಲು ನಮ್ಮ ಸಂಸ್ಕೃತಿ ಅಂತ ಆಮೇಲೂ ಹೇಳಿಕೊಂಡು ಕೂರಲಿಲ್ಲ, ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅದೇ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂತು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. 1963ರ ಜೂನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ರಹೀಮ್ ತೀರಿಕೊಂಡರು. ಆಮೇಲೆ ಇವತ್ತಿನವರೆಗೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ. ಒಬ್ಬ ಮೇಷ್ಟ್ರ ಬೆಲೆ ಎಷ್ಟು ಅಂತ ಇದರಿಂದ ಲೆಕ್ಕ ಹಾಕಿ. ಅವರು ಹುಡುಗರಿಗೆ ಬರೀ ದುರ್ಬಲ ಕಾಲಿನಿಂದ ಆಡುವ ಪಂದ್ಯ ಇಡುತ್ತಿದ್ದರಂತೆ. ಬಲಗಾಲಿನವನು ಎಡಗಾಲಲ್ಲೇ ಆಡಬೇಕು. ನಮ್ಮ ಹಾಸ್ಟೆಲ್ಲಿಗೂ ಇದು ಆಗಬೇಕು. ಇಂಗ್ಲಿಷಿಗೆ ಹೆದರುವವನಿಗೆ ಇಂಗ್ಲಿಷು, ಮೈಕಿಗೆ ಹೆದರುವವನಿಗೆ ಮೈಕು.

ಇನ್ನು ಕೇರಳದ ಓ.ಎಂ. ನಂಬಿಯಾರ್. ವಾಯುಪಡೆಯಲ್ಲಿ ಕೆಲಸ ಮಾಡಿ ಬಂದವರು. 1976ರಲ್ಲಿ ಕೇರಳ ಸರ್ಕಾರ ಕಣ್ಣೂರಿನಲ್ಲಿ ಹುಡುಗಿಯರಿಗಾಗಿ ಕ್ರೀಡಾ ಹಾಸ್ಟೆಲ್ ಶುರುಮಾಡಿದಾಗ ಅಲ್ಲಿ ಕೋಚ್ ಆದರು. ತಿಂಗಳಿಗೆ 250 ರೂಪಾಯಿ ವಿದ್ಯಾರ್ಥಿವೇತನದ ಮೇಲೆ ಬಂದ ಒಂದು ಬಡಕಲು ಹುಡುಗಿಯನ್ನು ಅವರು ಕಣ್ಣಿಟ್ಟು ನೋಡಿದರು. ಆಕೆ ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 55.42 ಸೆಕೆಂಡಿನಲ್ಲಿ ಮುಗಿಸಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡಾಕೆ. ದ್ರೋಣಾಚಾರ್ಯ ಪ್ರಶಸ್ತಿ ಶುರುವಾದ 1985ರಲ್ಲೇ ನಂಬಿಯಾರರಿಗೆ ಅದು ಸಿಕ್ಕಿತು. 2021ರಲ್ಲಿ ತೀರಿಕೊಂಡರು. ಈ ಕಥೆಯಲ್ಲಿ ನಮಗೆ ಬೇಕಾದ ಪದ ಯಾವುದು? ಹಾಸ್ಟೆಲ್! ಸರ್ಕಾರಿ ಹಾಸ್ಟೆಲ್ಲಿನಿಂದ ಒಲಿಂಪಿಕ್ಸಿನ ಫೈನಲ್ಲಿಗೆ ಹೋಗಬಹುದು. ಆದರೆ ಆ ಹಾಸ್ಟೆಲ್ಲಿಗೆ ಬಯಲಿತ್ತು, ಅಡಿಗೆ ಸರಿಯಾಗಿತ್ತು, ಬೆಳಗಿನ ಜಾವ ಎಬ್ಬಿಸುವ ಒಬ್ಬ ಮೇಷ್ಟ್ರಿದ್ದರು.

ನಮ್ಮ ಹತ್ತಿರದ ಉದಾಹರಣೆಯೂ ಇದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ. ತಂದೆ ವಾಹನ ಚಾಲಕ. ಹುಡುಗನಿಗೆ ಕುಸ್ತಿಯ ಆಸೆ. ಉಜಿರೆಯ ಕಾಲೇಜಿಗೆ ಸೇರಿದಾಗ ಅಲ್ಲಿನ ತರಬೇತುದಾರರು ಅವನ ಮೈಕಟ್ಟು ನೋಡಿ ಭಾರ ಎತ್ತುವ ಕಡೆ ತಿರುಗಿಸಿದರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕೆ.ಜಿ. ಎತ್ತಿ ಕಂಚು. ಕಾಲೇಜಿನ ಕೋಚ್ ಒಬ್ಬರು ಒಂದು ದಿನ ಸರಿಯಾಗಿ ನೋಡಿದ್ದರಿಂದ ಒಂದು ಬದುಕು ಹೇಗೆ ತಿರುಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಮ್ಮ ಕೇರಿಗಳಲ್ಲಿ ಇಂಥ ಮೈಕಟ್ಟು ಇಲ್ಲವೇ? ನೋಡುವ ಕಣ್ಣು ಎಲ್ಲಿದೆ?

ಅಂಥ ಕಣ್ಣು ನಮ್ಮ ಭದ್ರಾವತಿಯ ಒಂದು ಕಾಲೇಜಿನಲ್ಲೂ ಇತ್ತು. ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳಿದ ಪ್ರೊ. ಬಿ. ಕೃಷ್ಣಪ್ಪನವರು. ಅವರ ಕೊರಳಲ್ಲಿ ವಿಷಲ್ ಇರಲಿಲ್ಲ, ಕೈಯಲ್ಲಿ ಚಾಕ್‌ಪೀಸ್ ಇತ್ತು. ಆದರೆ ಅವರು ಕಟ್ಟಿದ್ದೂ ತಂಡವೇ. 1970ರ ದಶಕದ ನಡುವೆ ಆ ಕಬ್ಬಿಣದ ಊರಿನಿಂದ ದಲಿತ ಸಂಘರ್ಷ ಸಮಿತಿ ಎದ್ದಿತು. ಅವರು ಹುಡುಗರನ್ನು ಕಂಡರೆ ಜಾತಿ ಕೇಳುವ ಮೇಷ್ಟ್ರಾಗದೆ, ನೀನು ಬರಿ, ನೀನು ಹಾಡು, ನೀನು ಮಾತಾಡು ಅಂತ ಹುರಿದುಂಬಿಸುವ ಮೇಷ್ಟ್ರಾದರು. ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ 1986ರಲ್ಲಿ ಅವರು ನಿಂತರು. 1997ರಲ್ಲಿ ತೀರಿಕೊಂಡರು. ಬಾಬಾಸಾಹೇಬರೂ ಕಾಲೇಜು ಮೇಷ್ಟ್ರೇ ಆಗಿದ್ದರು: ಬೊಂಬಾಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ ಅರ್ಥಶಾಸ್ತ್ರ ಹೇಳಿದರು, 1935ರಲ್ಲಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು. ಮೇಷ್ಟ್ರ ಕುರ್ಚಿ ಯಾರ ಕೈಯಲ್ಲಿದೆ ಅನ್ನುವುದು ನಮ್ಮ ಚಳವಳಿಗೆ ಯಾವತ್ತೂ ಸಣ್ಣ ಪ್ರಶ್ನೆ ಆಗಿರಲಿಲ್ಲ. ತರಗತಿಯ ಕುರ್ಚಿ ಕೇಳಿದೆವು. ಬಯಲಿನ ಕುರ್ಚಿಯನ್ನು ಕೇಳುವುದು ಬಾಕಿ ಇದೆ.

ಹಾಗಾದರೆ ಕೇಳುವುದೇನು? ಭಾಷಣ ಸಾಕು, ಕೆಲಸದ ಮಾತಿಗೆ ಬರೋಣ.

ಮೊದಲನೆಯದು, ನೋಟೀಸು. ಯಾವ ಆಟಕ್ಕೆ, ಯಾವ ದಿನ, ಎಷ್ಟು ಗಂಟೆಗೆ ಆಯ್ಕೆ ಅನ್ನುವುದನ್ನು ಕಾಲೇಜಿನ ಬೋರ್ಡಿಗೂ ಹಾಸ್ಟೆಲ್ಲಿನ ಬೋರ್ಡಿಗೂ ಒಂದು ವಾರ ಮುಂಚೆ ಅಂಟಿಸಬೇಕು. ಆಯ್ಕೆಯಾದ ಮೇಲೆ ಓಟದ ಸಮಯ, ಎಸೆತದ ದೂರ ಬರೆದು ಹಾಕಬೇಕು. ಗಡಿಯಾರಕ್ಕೂ ಟೇಪಿಗೂ ಜಾತಿ ಇಲ್ಲ. ಅಂಕಿ ಬರೆದರೆ ಪಟ್ಟಿ ತಿದ್ದುವುದು ಕಷ್ಟ. ಇದನ್ನು ಲಿಖಿತವಾಗಿ ಕೇಳಿ, ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾನೂನು ಇರುವುದು ಅದಕ್ಕೇ.

ಎರಡನೆಯದು, ಬಯಲು. ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗ ತೆಗೆದು ಓದಿ. ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ರಸ್ತೆ, ಜನ ಸೇರುವ ಜಾಗ ಇವುಗಳನ್ನು ಜಾತಿಯ ಕಾರಣಕ್ಕೆ ಯಾರಿಗೂ ತಡೆಯುವಂತಿಲ್ಲ. ಊರಿನ ಆಟದ ಬಯಲೂ ಜನ ಸೇರುವ ಜಾಗವೇ. ಕೆರೆ ನೀರಿಗೆ ಮಹಾಡಿನಲ್ಲಿ 1927ರಲ್ಲಿ ಬಾಬಾಸಾಹೇಬರು ನಡೆದರು. ಊರ ಬಯಲಿಗೆ ನಾವು ನಡೆಯುವುದಕ್ಕೆ ಯಾರ ಅಪ್ಪಣೆ ಬೇಕು? ಬಯಲಿನಲ್ಲಿ ಜಾತಿ ಹಿಡಿದು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ ಅನ್ನುವುದೂ ಗೊತ್ತಿರಲಿ.

ಮೂರನೆಯದು, ಊಟ ಮತ್ತು ಹೊತ್ತು. ಆಡುವ ಹುಡುಗ ಹುಡುಗಿಯರಿಗೆ ತಟ್ಟೆ ಎತ್ತಿಡಬೇಕು. ಸಂಜೆ ಏಳಕ್ಕೆ ಬಂದವನಿಗೆ ಊಟ ಮುಗೀತು ಅನ್ನುವ ಹಾಗಿಲ್ಲ. ಬಿಸಿ ಅನ್ನ, ಮೊಟ್ಟೆ, ಕಾಳು. ಹಾಸ್ಟೆಲ್ಲಿನ ಹುಡುಗಿಯರಿಗೆ ಕತ್ತಲಾಗುವ ಮುಂಚೆ ಬಯಲಿನಲ್ಲಿ ಅವರದೇ ಹೊತ್ತು ಬೇಕು, ಬಟ್ಟೆ ಬದಲಿಸುವ ಕೋಣೆ ಬೇಕು. ಅದಿಲ್ಲದೆ 'ಹುಡುಗಿಯರು ಆಟಕ್ಕೆ ಬರೋದೇ ಇಲ್ಲ' ಅಂತ ದೂರುವುದು ಬೇಡ.

ನಾಲ್ಕನೆಯದೇ ಮುಖ್ಯ. ನಾವೇ ಮೇಷ್ಟ್ರಾಗಬೇಕು. ಬಿ.ಎ. ಮುಗಿಸಿ ಏನು ಮಾಡುವುದು ಅಂತ ಹಾಸ್ಟೆಲ್ಲಿನ ಮಂಚದ ಮೇಲೆ ಮಲಗಿ ಸೂರು ನೋಡುವವರೇ, ಕೇಳಿ. ಬಿ.ಪಿ.ಎಡ್. ಇದೆ, ಎಂ.ಪಿ.ಎಡ್. ಇದೆ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಇದೆ. ವೈದ್ಯನಾಗು, ಎಂಜಿನಿಯರಾಗು ಅಂತ ನಮಗೆ ಹೇಳುವವರಿದ್ದಾರೆ, ಕೋಚ್ ಆಗು ಅಂತ ಹೇಳಿದವರನ್ನು ನಾವು ಕಾಣಲಿಲ್ಲ. ಅದಕ್ಕೇ ಇವತ್ತು ಹೇಳುತ್ತಿದ್ದೇವೆ. ಒಬ್ಬ ಆಟಗಾರ ಗೆದ್ದರೆ ಒಂದು ಮನೆ ಗೆಲ್ಲುತ್ತದೆ. ಒಬ್ಬ ಆಟದ ಮೇಷ್ಟ್ರು ಒಂದು ಕಾಲೇಜಿನಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಇರುತ್ತಾರೆ, ಪ್ರತಿ ವರ್ಷ ಹೊಸ ಹುಡುಗರು ಅವರ ಮುಂದೆ ಬಂದು ನಿಲ್ಲುತ್ತಾರೆ. ಖಾಲಿ ಬಿದ್ದ ಹುದ್ದೆ ತುಂಬಿ ಅಂತ ಕೇಳುವುದೂ, ತುಂಬಿದಾಗ ಅಲ್ಲಿ ನಮ್ಮವರೂ ಇರುವ ಹಾಗೆ ಓದಿ ಸಿದ್ಧವಾಗುವುದೂ ಒಂದೇ ಹೋರಾಟ. ವರ್ಷ ವರ್ಷವೂ ಗುತ್ತಿಗೆಯ ಮೇಲೆ, ಅರ್ಧ ಸಂಬಳದ ಮೇಲೆ ಇಟ್ಟುಕೊಂಡ ಮೇಷ್ಟ್ರು ಯಾವ ಧೈರ್ಯದಲ್ಲಿ ನ್ಯಾಯ ಹೇಳಿಯಾರು? ಆದ್ದರಿಂದ ಅವರ ಖಾಯಂ ಕೆಲಸವೂ ನಮ್ಮ ಬೇಡಿಕೆಯೇ.

ನಾಳೆ ನಿಮ್ಮಲ್ಲಿ ಯಾರಾದರೂ ಆ ವಿಷಲ್ ಕೊರಳಿಗೆ ಹಾಕಿಕೊಂಡಾಗ ಒಂದು ನೆನಪಿರಲಿ. ಆಯ್ಕೆಯ ದಿನ ಸಾಲಿನ ಕೊನೆಯಲ್ಲಿ, ಬರಿಗಾಲಲ್ಲಿ, ಇನ್ನೊಬ್ಬರ ಅಂಗಿ ಹಾಕಿಕೊಂಡು, ನನ್ನನ್ನು ಓಡಿಸುತ್ತಾರೋ ಇಲ್ಲವೋ ಅಂತ ಒಬ್ಬ ನಿಂತಿರುತ್ತಾನೆ. ಅವನು ನಮ್ಮ ಜಾತಿಯವನೇ ಆಗಿರಬೇಕಾಗಿಲ್ಲ. ಅಲೆಮಾರಿ ಹುಡುಗನಿರಬಹುದು, ಸಾಬರ ಹುಡುಗನಿರಬಹುದು, ಲಂಬಾಣಿ ತಾಂಡಾದ ಹುಡುಗಿ ಇರಬಹುದು. ಅವರನ್ನು ಮೊದಲು ಕರೆಯಿರಿ. ಗಡಿಯಾರ ಒತ್ತಿ. ಬಂದ ಅಂಕಿಯನ್ನು ಬೋರ್ಡಿನ ಮೇಲೆ ಬರೆಯಿರಿ.

ಬರುವ ವಾರ ಜಿಲ್ಲೆಯ ಹಾಸ್ಟೆಲ್ಲುಗಳಿಂದ ಈ ನಾಲ್ಕು ಬೇಡಿಕೆಗಳ ಅರ್ಜಿ ಬರೆಯೋಣ. ಪ್ರತಿ ಹಾಸ್ಟೆಲ್ಲಿನಿಂದ ಇಬ್ಬರು ನಿಂತು ಹೆಸರು ಕೊಡಿ. ಸಭೆ ಮುಗಿದ ಮೇಲೆ ಇಲ್ಲೇ ಇರುತ್ತೇವೆ, ಪೆನ್ನು ಕಾಗದ ತಂದಿದ್ದೇವೆ.

ಜೈ ಭೀಮ್.